ಎಡಕುಮೇರಿ ಸ್ಟೇಷನ್ ಸತ್ತದ್ದಾ, ಕೊಂದದ್ದಾ?

ಪಡೀಲ್ ಹರೀಶ: ಮಂಗಳೂರು–ಹಾಸನ ಮೀಟರ್ ಗೇಜ್ ಶುರುವಾದದ್ದು 1979ರಲ್ಲಿ. ಹಳಿ ಅಗಲ ಮಾಡಿ ಬ್ರಾಡ್ ಗೇಜ್ ಮಾಡ್ತೇವೆ ಅಂತ 1996ರಲ್ಲಿ ರೈಲು ನಿಲ್ಲಿಸಿದರು, ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ ಘಾಟಿಯೊಳಗಿನ ಎಡಕುಮೇರಿ ಸ್ಟೇಷನ್ ಹಾಳು ಬಿತ್ತು. ಚಾರಣದವರು ಅದರ ಪ್ಲಾಟ್‌ಫಾರ್ಮಲ್ಲೇ ಮಲಗಿ, ಮ್ಯಾಗಿ ಬೇಯಿಸಿ, ಇದ್ದಿಲಲ್ಲಿ ಗೋಡೆಗೆ ಹೆಸರು ಗೀಚಿ ಹೋದರು. ಈಗ ರೈಲು ಉಂಟು, ಆದರೆ ಅಲ್ಲಿ ಹತ್ತುವ ಹಾಗಿಲ್ಲ. ಸತ್ತ ಸ್ಟೇಷನ್.

ನೆಟ್ಟಣದವ: ಸತ್ತದ್ದಂತೆ! ಅಲ್ಲಿ ಮಾಸ್ಟರ್ ಇದ್ದಾರೆ, ಕ್ರಾಸಿಂಗ್ ಉಂಟು ಮಾರಾಯ್ರೆ. ಇರುವುದೊಂದೇ ಲೈನ್, 50 ಮೀಟರಿಗೆ 1 ಮೀಟರ್ ಏರು. ಎದುರು ಗಾಡಿಗೆ ದಾರಿ ಬಿಡುವುದು ನಿಮ್ಮ ಮನೆ ಅಂಗಳದಲ್ಲಾ?

ಪಡೀಲ್ ಹರೀಶ: ಮಾಸ್ಟರ್ ಟಿಕೆಟ್ ಕೊಡ್ತಾರಾ? ಅಷ್ಟು ಹೇಳಿ.

ಉಡುಪಿ ರಾವ್: ಮುಚ್ಚಿದ್ದಕ್ಕೆ ನನ್ನ ತಕರಾರಿಲ್ಲ. ಆ 57 ಸುರಂಗ ಮೊದಲೇ ಕೊರೆದದ್ದು, ಆದರೂ ಹಳಿ ಬದಲಿಸಲಿಕ್ಕೆ 11 ವರ್ಷ! ಕೊಂಕಣ ರೈಲ್ವೆ 1990ರಲ್ಲಿ ಹೊರಟು 1998ಕ್ಕೆ ಮುಗೀತು. ಜಾರ್ಜ್ ಫರ್ನಾಂಡಿಸ್ ಇದ್ದರು, ಆಯ್ತು.

ನೆಟ್ಟಣದವ: ಜಾರ್ಜ್ ರೈಲ್ವೆ ಮಂತ್ರಿಯಾಗಿದ್ದದ್ದು 1989ರ ಡಿಸೆಂಬರಿಂದ 1990ರ ನವೆಂಬರ್‌ವರೆಗೆ. ಒಂದು ವರ್ಷ ಕೂಡ ಪೂರ್ತಿ ಇಲ್ಲ. ಲೈನ್ ಎಳೆದದ್ದು ಇಂಜಿನಿಯರ್ ಶ್ರೀಧರನ್.

ಉಡುಪಿ ರಾವ್: ಕೊಂಕಣ ರೈಲ್ವೆ ನಿಗಮ ಹುಟ್ಟಿದ್ದು 1990ರ ಜುಲೈಯಲ್ಲಿ. ಆಗ ಮಂತ್ರಿ ಯಾರು ಸ್ವಾಮೀ?

ನೆಟ್ಟಣದವ: ದುಡ್ಡು ಯಾರದ್ದು ಸ್ವಾಮೀ? ಶೇ. 51 ಕೇಂದ್ರದ್ದು, 22 ಮಹಾರಾಷ್ಟ್ರದ್ದು, 15 ಕರ್ನಾಟಕದ್ದು. ಮೇಲಿಂದ ಬಾಂಡ್ ಸಾಲ. ಜಾರ್ಜ್ ಮನೆಯಿಂದ ತಂದದ್ದಲ್ಲ.

ಉಡುಪಿ ರಾವ್: ಮನೆಯಿಂದ ತಂದರು ಅಂತ ನಾನೆಲ್ಲಿ ಹೇಳಿದೆ? ಪೊಕ್ಕಡೆ (ಸುಮ್ಮಸುಮ್ಮನೆ) ಮಾತಾಡಬೇಡಿ! ಮಂಗಳೂರಿಗೆ 1907ರಲ್ಲೇ ರೈಲು ಬಂದಿತ್ತು. ನಾವು ಉಡುಪಿಯವರು 1993ರವರೆಗೆ ಬಸ್ಸಿನಲ್ಲೇ ಜೋತಾಡಿದವರು. ಬಾಂಡ್ ಲೆಕ್ಕ ನಮಗೆ ಕಲಿಸ್ಲಿಕ್ಕೆ ಬರಬೇಡಿ.

ನೆಟ್ಟಣದವ: ಜೋತಾಡಿದ್ದಕ್ಕೆ ನಾನೆಂತ ಮಾಡ್ಲಿ? ಬಸ್ಸಿನವರನ್ನು ಕೇಳಿ. 😄

ಬಂಟ್ವಾಳದ ಶೈಲಾ: ಎಡಕುಮೇರಿ ಎಲ್ಲಿ ಹೋಯ್ತು ಇದರಲ್ಲಿ? 2006ರ ಮೇಯಲ್ಲಿ ಅಲ್ಲಿ ಗೂಡ್ಸ್ ಓಡಿತು. ಜನರ ಗಾಡಿ ಬಿಟ್ಟದ್ದು 2007ರ ಡಿಸೆಂಬರಿನಲ್ಲಿ. ಬಂದರಿಗೆ ಅದಿರು ಹೋಗಬೇಕಿತ್ತು, ಜನ ಕಾದರೆ ನಷ್ಟ ಯಾರಿಗೆ? ಇದನ್ನು ಮಾತಾಡಿ.

ಪಡೀಲ್ ಹರೀಶ: ಅದನ್ನೇ ನಾನು ಹೇಳಿದ್ದು ಶೈಲಕ್ಕ. ಜನರಿಗೆ ಸತ್ತದ್ದು.

ಬಂಟ್ವಾಳದ ಶೈಲಾ: ನೀವು ಹೇಳಿದ್ದು ಮ್ಯಾಗಿ ಕಥೆ. ಗೂಡ್ಸಿನ ಸುದ್ದಿ ಎಲ್ಲಿತ್ತು ಅದರಲ್ಲಿ?

ನೆಟ್ಟಣದವ: 2024ರ ಜುಲೈಯಲ್ಲಿ ಎಡಕುಮೇರಿ–ಕಡಗರವಳ್ಳಿ ಮಧ್ಯೆ ಮಣ್ಣು ಜರಿದು ಬೆಂಗಳೂರು ಗಾಡಿ ಬಂದ್ ಆಯ್ತಲ್ಲ, ಆಗ ನೀವೆಲ್ಲ ಯಾವ ಸ್ಟೇಷನ್ ಹೆಸರು ಹಿಡಿದು ಬೊಬ್ಬೆ ಹಾಕಿದ್ದು? ಸತ್ತ ಸ್ಟೇಷನಿನದ್ದಾ?

ಪಡೀಲ್ ಹರೀಶ: ಟಿಕೆಟ್ ಕೊಡ್ತಾರಾ ಇಲ್ವಾ?

ನೆಟ್ಟಣದವ: ಎಡಕುಮೇರಿಯಲ್ಲಿ ಇಳಿದು ನಿಮಗೆ ಹೋಗಬೇಕಾದ್ದೆಲ್ಲಿಗೆ? ಸುತ್ತ ಕಾಡು. ಟಿಕೆಟ್ ಬೇಕಾದರೆ ನಮ್ಮ ಸುಬ್ರಹ್ಮಣ್ಯ ರೋಡ್ ಸ್ಟೇಷನಿಗೆ ಬನ್ನಿ.

ಉಡುಪಿ ರಾವ್: ವಿಷಯ ತಿರುಗಿಸಬೇಡಿ. 1990ರ ಜುಲೈಯಲ್ಲಿ ಮಂತ್ರಿ ಯಾರು? ಇನ್ನೂ ಉತ್ತರ ಬರಲಿಲ್ಲ.