ಗೆಂಡೆಗೆ ಹಾಸಿಗೆ, ನಮಗೆ ನೆಲ

"ಈ ಸಲ ಆ ದೊಡ್ಡ ಗೆಂಡೆ ನಮ್ಮದೇ" ಅಂತ ಶಂಕ್ರ ಘೋಷಿಸಿದ. ಹೋದ ಸಲವೂ ಇದನ್ನೇ ಹೇಳಿದ್ದ. ಆಗ ಸಿಕ್ಕಿದ್ದು ನೆಗಡಿ.

"ಅದು ಕೆರೆಯಲ್ಲಿದೆ ಅಂತ ಯಾರು ಹೇಳಿದ್ದು?" ಗೋಪಿ ಕೇಳಿದ.

"ಕಣ್ಣಾರೆ ನೋಡಿದ್ದೀನಿ ಕಣೋ. ಬೆಳಗಿನ ಜಾವ ಜೊಂಡಿನ ಪಕ್ಕ ನೆಗೆದು ಧೊಪ್ ಅಂತ ಬಿತ್ತು. ಇಷ್ಟುದ್ದ!"

ಎರಡೂ ಕೈ ಅಗಲವಾಯಿತು. ಈ ಅಳತೆ ಪ್ರತಿ ಸಲ ಸ್ವಲ್ಪ ಜಾಸ್ತಿಯಾಗುತ್ತಿದೆ. ಕೇಳಿದರೆ "ಮೀನು ಬೆಳೆಯೋದಿಲ್ವಾ?" ಅನ್ನುತ್ತಾನೆ. ಸುಳ್ಳು ಅನ್ನುವ ಹಾಗೂ ಇಲ್ಲ. ಗೆಂಡೆ ಹತ್ತಾರು ವರ್ಷ ಬದುಕುತ್ತದೆ, ವಯಸ್ಸಾದರೂ ನಿಧಾನಕ್ಕೆ ಬೆಳೆಯುತ್ತಲೇ ಇರುತ್ತದೆ. ಶಂಕ್ರನ ಕೈಯಷ್ಟು ಬೇಗ ಬೆಳೆಯುತ್ತದೆಯೋ ಇಲ್ಲವೋ, ಅದು ಬೇರೆ ಮಾತು.

"ಇಷ್ಟೆಲ್ಲ ಯಾಕೆ? ಎರೆಹುಳು ಸಿಕ್ಕಿಸಿ ಗಾಳ ಬಿಟ್ಟರೆ ಮುಗೀತು" ಅಂದ ಸುರೇಶ.

ಶಂಕ್ರ ಅವನನ್ನು ಮೇಲಿಂದ ಕೆಳಗೆ ನೋಡಿದ. "ಎರೆಹುಳು ಹಾಕಿದರೆ ಪುಡಿಮೀನೆಲ್ಲ ಬಂದು ಕಿತ್ತುಕೊಂಡು ಹೋಗುತ್ತವೆ. ದೊಡ್ಡದಕ್ಕೆ 'ಬಾಯ್ಲಿ' ಅನ್ನೋ ಉಂಡೆ ಬೇಕು." ಜೇಬಿನಿಂದ ಗೋಲಿ ಗಾತ್ರದ ಉಂಡೆಯೊಂದನ್ನು ತೆಗೆದ. ಹಿಟ್ಟಿಗೆ ಮೊಟ್ಟೆ ಹಾಕಿ ಕಲಸಿ, ಉಂಡೆ ಕಟ್ಟಿ, ಕುದಿಯುವ ನೀರಿನಲ್ಲಿ ಬೇಯಿಸಿದ್ದು. ಬೆಂದ ಮೇಲೆ ಹೊರಗೊಂದು ಗಟ್ಟಿ ಪೊರೆ ಬರುತ್ತದೆ. ಪುಡಿಮೀನು ಎಷ್ಟು ಕುಕ್ಕಿದರೂ ಬಗ್ಗುವುದಿಲ್ಲ. ಗೆಂಡೆಗೆ ಅದೊಂದು ಲೆಕ್ಕವೇ ಅಲ್ಲ. ಅದಕ್ಕೆ ಹಲ್ಲಿರುವುದು ಬಾಯಲ್ಲಲ್ಲ, ಗಂಟಲಲ್ಲಿ. ಬಸವನಹುಳುವನ್ನು ಚಿಪ್ಪಿನ ಸಮೇತ ಅಲ್ಲೇ ಅರೆದುಬಿಡುತ್ತದೆ.

"ಗಂಟಲಲ್ಲಿ ಹಲ್ಲಾ?"

"ಜಠರ ಬೇರೆ ಇಲ್ಲ. ತಿಂದದ್ದು ಸೀದಾ ಕರುಳಿಗೆ. ಅದಕ್ಕೇ ಪದೇ ಪದೇ ಮೇಯ್ತಾನೇ ಇರುತ್ತೆ."

"ಸುರೇಶನಿಗೆ ಜಠರ ಇದ್ದೂ ಅದೇ ಕಥೆ" ಅಂದ ಗೋಪಿ.

ಇನ್ನೇನು ಉಂಡೆಯನ್ನು ಕೊಕ್ಕೆಗೆ ಚುಚ್ಚುತ್ತಾನೆ ಅಂದುಕೊಂಡೆವು. ಚುಚ್ಚಲಿಲ್ಲ. ಸೂಜಿಯಿಂದ ಉಂಡೆಯ ನಡುವೆ ಸಣ್ಣ ದಾರ ತೂರಿಸಿದ, ಆಚೆ ಬದಿ ಜಾರದಂತೆ ತಡೆ ಕೊಟ್ಟ. ಉಂಡೆ ಕೊಕ್ಕೆಯ ಹಿಂದೆ ನೇತಾಡುತ್ತಿತ್ತು. ಕೊಕ್ಕೆ ಖಾಲಿ.

"ಚುಚ್ಚೋದು ಮರೆತೆಯಲ್ಲೋ" ಅಂದೆ.

"ಅದೇ ಮಜಾ. ಗೆಂಡೆ ಸಿಕ್ಕಿದ್ದನ್ನು ಗಬಕ್ಕನೆ ನುಂಗಲ್ಲ. ಕೆಸರಿನ ಸಮೇತ ಹೀರಿಕೊಳ್ಳುತ್ತೆ, ರುಚಿ ನೋಡುತ್ತೆ, ಅನುಮಾನ ಬಂದರೆ ಫೂ ಅಂತ ಉಗಿಯುತ್ತೆ. ಹೀಗೆ ಕಟ್ಟಿದರೆ ಉಂಡೆ ಸಲೀಸಾಗಿ ಒಳಗೆ ಹೋಗುತ್ತೆ, ಜೊತೆಗೆ ಕೊಕ್ಕೆಯೂ ಹೋಗುತ್ತೆ. ಉಗಿಯೋಕೆ ಹೊರಟಾಗ ಕೊಕ್ಕೆ ತುಟಿಗೆ ಸಿಕ್ಕಿಕೊಳ್ಳುತ್ತೆ. ಹೇರ್ ರಿಗ್ ಅಂತಾರೆ ಇದಕ್ಕೆ. ಇಂಗ್ಲೆಂಡಿನ ಲೆನ್ನಿ ಮಿಡಲ್‌ಟನ್ ಮತ್ತು ಕೆವಿನ್ ಮ್ಯಾಡಕ್ಸ್ ಸೇರಿ ಕಂಡುಹಿಡಿದದ್ದು. ಮೊದಮೊದಲು ನಿಜವಾದ ತಲೆಕೂದಲಲ್ಲೇ ಕಟ್ಟಿ ನೋಡಿದ್ದರಂತೆ."

ಎಲ್ಲರೂ ಗೋಪಿಯ ತಲೆ ಕಡೆ ತಿರುಗಿದೆವು.

"ನನ್ನನ್ನೇನು ನೋಡ್ತೀರಾ? ಉಳಿದಿರೋದನ್ನು ಮೀನಿಗೆ ದಾನ ಮಾಡಲ್ಲ."

ಆಮೇಲೆ ಶಂಕ್ರ ಶಿಸ್ತಿನ ಪಾಠ ಶುರು ಮಾಡಿದ. ದಡದ ಮೇಲೆ ಧಡಧಡ ನಡೆಯಬಾರದು. ಗೆಂಡೆಯ ಮೈಯೊಳಗಿನ ಗಾಳಿಚೀಲಕ್ಕೂ ಕಿವಿಗೂ ನಡುವೆ ಪುಟ್ಟ ಮೂಳೆಗಳ ಸಾಲಿದೆ, ಸಣ್ಣ ಸದ್ದೂ ಅದಕ್ಕೆ ಮುಟ್ಟುತ್ತದೆ. ಜೋರಾಗಿ ನಗಬಾರದು. ಟಾರ್ಚನ್ನು ನೀರಿಗೆ ಬಿಡಬಾರದು.

"ಗೊರಕೆ?" ಸುರೇಶ ಮೆತ್ತಗೆ ಕೇಳಿದ.

"ನಿದ್ದೆಯೇ ಇಲ್ಲ ಅಂದಮೇಲೆ ಗೊರಕೆ ಎಲ್ಲಿಂದ? ರಾತ್ರಿ ದಾರ ಎಳೆದರೆ ಅಲಾರಂ ಕೂಗುತ್ತೆ, ತಕ್ಷಣ ಏಳಬೇಕು."

"ನಮ್ಮ ಹೆಜ್ಜೆ ಸದ್ದಿಗೇ ಓಡೋ ಮೀನು ಅಲಾರಂ ಕೇಳಿ ಕೂತಿರುತ್ತಾ?"

"ಅಷ್ಟು ಹೊತ್ತಿಗೆ ಕೊಕ್ಕೆ ತುಟಿಯಲ್ಲಿರುತ್ತಲ್ಲ, ದಡ್ಡ!"

ಶಂಕ್ರನಿಗೆ ಒಬ್ಬನೇ ದೇವರು, ರಿಚರ್ಡ್ ವಾಕರ್. 1952ರಲ್ಲಿ ಇಂಗ್ಲೆಂಡಿನ ರೆಡ್‌ಮೈರ್ ಅನ್ನುವ ಪುಟ್ಟ ಕೊಳದಲ್ಲಿ 44 ಪೌಂಡಿನ, ಅಂದರೆ ಸುಮಾರು 20 ಕಿಲೋದ ಗೆಂಡೆ ಹಿಡಿದವರು. ಆಗ ಅದು ಬ್ರಿಟಿಷ್ ದಾಖಲೆ. ಅದನ್ನು ಅವರು ಲಂಡನ್ ಮೃಗಾಲಯಕ್ಕೆ ಕೊಟ್ಟರು. ಕ್ಲಾರಿಸ್ಸಾ ಅನ್ನುವ ಹೆಸರಿನಲ್ಲಿ ಅಲ್ಲಿನ ತೊಟ್ಟಿಯಲ್ಲಿ 1971ರವರೆಗೂ ಬದುಕಿತ್ತು, ಜನ ಹೋಗಿ ನೋಡಿಕೊಂಡು ಬರುತ್ತಿದ್ದರು. ಗಾಳದ ಎಲೆಕ್ಟ್ರಾನಿಕ್ ಅಲಾರಂ ತಯಾರಿಸಿದವರೂ ಅವರೇ. ನಮ್ಮ ನಿದ್ದೆ ಕೆಡಿಸಿದ್ದು ಯಾರು ಅಂತ ಕೊನೆಗೂ ಗೊತ್ತಾಯಿತು.

"ಸರಿ, ಹಿಡಿದೆ ಅಂತಿಟ್ಕೋ. ಆಮೇಲೆ?" ಗೋಪಿ ಬಿಡಲಿಲ್ಲ.

"ಫೋಟೋ ತೆಗೆದು ಬಿಟ್ಟುಬಿಡೋದು."

"ಬಿಟ್ಟುಬಿಡೋದಾ!"

"ಸುಮ್ನೆ ಬಿಡೋದಲ್ಲ. ನೆಲಕ್ಕೆ ತಾಗಿ ಮೈಯ ಲೋಳೆ, ಹುರುಪೆ ಹೋಗಬಾರದು ಅಂತ ಮೆತ್ತನೆ ಹಾಸಿಗೆ ಹಾಸಿ ಅದರ ಮೇಲೆ ಮಲಗಿಸಬೇಕು. ಕೊಕ್ಕೆ ತೆಗೆದ ಗಾಯಕ್ಕೆ ಔಷಧಿ ಹಚ್ಚಬೇಕು. ಜೋಳಿಗೆಯಲ್ಲಿಟ್ಟು ತೂಗಬೇಕು. ಆಮೇಲೆ ನೀರಿನಲ್ಲಿ ಹಿಡಿದು ನಿಲ್ಲಿಸಿ, ಅದು ಸುಧಾರಿಸಿಕೊಂಡು ಹೋಗುವವರೆಗೂ ಕಾಯಬೇಕು."

ನನಗಂತೂ ಒಂದು ಗುಮಾನಿ. ಆ ಮೀನು ನಿಜವಾಗಿಯೂ ಸಿಕ್ಕಿಬಿಟ್ಟರೆ ಶಂಕ್ರ ಹದಿನೈದು ದಿನ ಮಂಕಾಗಿ ಕೂರುತ್ತಾನೆ. ಬಿಟ್ಟುಬಂದರೆ ತಾನೇ ಮತ್ತೆ ಹೋಗೋದಕ್ಕೆ ನೆಪ?

"ಇಂಗ್ಲೆಂಡಿನಲ್ಲಿ ಬೆನ್ಸನ್ ಅಂತ ಒಂದು ಹೆಣ್ಣು ಗೆಂಡೆ ಇತ್ತು" ಅಂತ ಶಂಕ್ರ ಮುಂದುವರಿಸಿದ. "ಹೀಗೇ ಹಿಡಿಯೋದು, ಬಿಡೋದು. 2009ರಲ್ಲಿ ಸಾಯೋವರೆಗೆ ಅರವತ್ತಕ್ಕೂ ಹೆಚ್ಚು ಸಲ ಸಿಕ್ಕಿತ್ತು."

"ಅರವತ್ತು ಸಲ ಅದೇ ತಪ್ಪು ಮಾಡಿದ್ದನ್ನು ಬುದ್ಧಿವಂತ ಮೀನು ಅಂತೀಯಾ?"

"ತಪ್ಪು ಅಂತ ಯಾರು ಹೇಳಿದ್ದು?" ಅಂದ ಸುರೇಶ. "ಪ್ರತಿ ಸಲ ಮೊಟ್ಟೆ ಉಂಡೆ, ಮೆತ್ತನೆ ಹಾಸಿಗೆ, ಔಷಧಿ, ಫೋಟೋ. ನಾನಾದರೆ ದಿನಾ ಸಿಕ್ಕೊಳ್ತಿದ್ದೆ."

ಗೋಪಿ ಸ್ವಲ್ಪ ಹೊತ್ತು ಯೋಚಿಸಿದ.

"ಆ ಹಾಸಿಗೆ ಎಷ್ಟು ಉದ್ದ ಇದೆ ಅಂದೆ?"

"ಯಾಕೆ?"

"ಮೀನು ಸಿಗೋವರೆಗೆ ಖಾಲಿನೇ ಇರುತ್ತಲ್ಲ. ನಾನು ಮಲಗ್ತೀನಿ."

"ಮಲಗು" ಅಂದ ಶಂಕ್ರ. "ಆದರೆ ಅದನ್ನು ಯಾವಾಗಲೂ ಒದ್ದೆ ಮಾಡಿಟ್ಟಿರಬೇಕು."