ಕಡಿಮೆ ಖರ್ಚಿನಲ್ಲಿ ಕೈಕೆಲಸದ ಮೂಲೆ: ಆಚಾರ್ರನ್ನು ಕೇಳಿ

(ನಮ್ಮ ಕಾಸರಗೋಡಿನ ಕೈಕೆಲಸದ ಗುಂಪಿನಲ್ಲಿ ಈ ವಾರ ಮುಳ್ಳೇರಿಯದ ಬಡಗಿಯೊಬ್ಬರು ಉತ್ತರಿಸುತ್ತಾರೆ. ಊರಿನ ಹೆಸರು ಹಾಕಿ ಕೇಳಿ.)

ನೀರ್ಚಾಲು: ಆಚಾರ್ರೇ, ಬಟ್ಟೆ, ನೂಲು, ಮಣಿ ಇಡಲು ಶೆಲ್ಫ್ ಬೇಕು. ಪಾರ್ಟಿಕಲ್ ಬೋರ್ಡಿನದ್ದು ಅಗ್ಗಕ್ಕೆ ಸಿಗುತ್ತದೆ. ತಗೊಳ್ಳಲಾ?

ಆಚಾರಿ: ಬೇಡ ಅಕ್ಕ. ನಮ್ಮ ಮಳೆಗಾಲಕ್ಕೆ ಅದು ಉಬ್ಬುತ್ತದೆ, ಆಮೇಲೆ ಸ್ಕ್ರೂ ಹಿಡಿಯುವುದಿಲ್ಲ. ಗುಜರಿಯಲ್ಲಿ ಹಳೇ ಕಬ್ಬಿಣದ ರ‍್ಯಾಕ್ ನೋಡಿ. ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು, ಮೇಲೆ ಪೇಂಟ್ ಕೊಡಿ. ಕೆಂಪುಕಲ್ಲಿನ ಗೋಡೆಗೆ ಒತ್ತಿ ಇಡಬೇಡಿ, ಅದರಲ್ಲಿ ಪಸೆ ಇರುತ್ತದೆ. ನಾಲ್ಕು ಬೆರಳು ಜಾಗ ಬಿಡಿ.

ಪೆರ್ಲ: ನಮ್ಮ ಮೆಟ್ಟಿಲಡಿ ಖಾಲಿ ಇದೆ. ಇನ್ವರ್ಟರ್, ಬ್ಯಾಟರಿ ಮಾತ್ರ ಅಲ್ಲಿರುವುದು. ಅದರ ಮೇಲೆ ಹಲಗೆ ಹಾಕಿ ಹೊಲಿಗೆ ಸಾಮಾನು, ಜರಿ, ಗ್ಲೂ ಗನ್ ಇಟ್ಟು, ಚೆಂದ ಕಾಣಲು ಬಾಗಿಲು ಮಾಡಿಸಬೇಕು. ಒಳಗೇ ಇಸ್ತ್ರಿಗೆ ಒಂದು ಸ್ವಿಚ್. ಎಷ್ಟು ಖರ್ಚಾದೀತು?

ಆಚಾರಿ: ಖರ್ಚು ಆಮೇಲೆ. ಅಕ್ಕ, ಅದು ನೀರು ಹಾಕುವ ಬ್ಯಾಟರಿಯಾ? ಹಾಗಾದರೆ ದಯವಿಟ್ಟು ಬಾಗಿಲು ಮಾಡಿಸಬೇಡಿ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ತುಂಬಾ ಹಗುರ. ಮೇಲೇರಿ ಮೆಟ್ಟಿಲಿನ ಸ್ಲ್ಯಾಬಿನ ಅಡಿಯಲ್ಲೇ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ 4 ಪಾಲು ಸೇರಿದರೆ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ಸ್ವಿಚ್ ಹಾಕುವಾಗ ಬರುವ ಕಿಡಿಯೂ ಕಿಡಿಯೇ. ಜೂನ್, ಜುಲೈಯಲ್ಲಿ ಕರೆಂಟು ಹೋಗುತ್ತಾ ಬರುತ್ತಾ ಇರುತ್ತದೆ, ಬ್ಯಾಟರಿ ಚಾರ್ಜ್ ಆಗುತ್ತಲೇ ಇರುತ್ತದೆ. ಎರಚಲಿಗೆ ಕಿಟಕಿಯೂ ಮುಚ್ಚಿರುತ್ತದೆ. ಆಸಿಡ್ ಆವಿಗೆ ಸೂಜಿ, ಕತ್ತರಿ ತುಕ್ಕು ಹಿಡಿಯುತ್ತವೆ. ಹಲಗೆಯಿಂದ ಕತ್ತರಿ ಜಾರಿ ಎರಡು ಟರ್ಮಿನಲ್‌ಗೆ ಅಡ್ಡ ಬಿದ್ದರೆ ಅದೇ ಶಾರ್ಟ್.

ಬ್ಯಾಟರಿ, ಇನ್ವರ್ಟರ್ ಎರಡನ್ನೂ ಗಾಳಿಯಾಡುವ, ಎರಚಲು ತಾಗದ ಕಡೆಗೆ ಎಲೆಕ್ಟ್ರಿಷಿಯನ್ ಕೈಯಲ್ಲೇ ಸ್ಥಳ ಬದಲಿಸಿಕೊಳ್ಳಿ. ನೀವೇ ಸುಮ್ನೆ ವೈರ್ ಉದ್ದ ಮಾಡಬೇಡಿ, ದೂರ ಹೆಚ್ಚಿದರೆ ದಪ್ಪ ಕೇಬಲ್ ಬೇಕು. ಅದಾದ ಮೇಲೆ ಮೆಟ್ಟಿಲಡಿ ನಿಮ್ಮದೇ. ಆಗಲೂ ಪೂರ್ತಿ ಮುಚ್ಚುವ ಬಾಗಿಲು ಬೇಡ, ಅಡಿಕೆ ಮರದ ಸಲಾಕೆಯನ್ನು ಸಂದು ಬಿಟ್ಟು ಹೊಡೆದರೆ ಸಾಕು. ತೋಟದಲ್ಲಿ ಬಿದ್ದ ಮರ ಇದ್ದರೆ ಸೀಳಿಸುವ ಕೂಲಿ ಮಾತ್ರ.

ಬದಿಯಡ್ಕ: ಫಾರ್ವರ್ಡ್ ಬಂದದ್ದು: "ಕಪಾಟಿನಲ್ಲಿ ಉಪ್ಪಿನ ಬಟ್ಟಲಿಡಿ, ಅದರ ಕಾಲಿಗೆ ಸೀಮೆಎಣ್ಣೆ ಸವರಿ, ಎಲ್ಲ ಡಬ್ಬಿಗೂ ನುಸಿಗುಳಿಗೆ ಹಾಕಿ. ಬೂಷ್ಟು, ಗೆದ್ದಲು ಹತ್ತಿರ ಸುಳಿಯದು. ಎಲ್ಲರಿಗೂ ಕಳಿಸಿ."

ಆಚಾರಿ: ಯಾರಿಗೂ ಕಳಿಸಬೇಡಿ. ಉಪ್ಪು ಪಸೆ ಎಳೆದು ನೀರಾಗುತ್ತದೆ, ಚೆಲ್ಲಿದರೆ ಕತ್ತರಿ ಹಾಳು. ಇಸ್ತ್ರಿಪೆಟ್ಟಿಗೆ ಇರುವ ಕೋಣೆಗೆ ಸೀಮೆಎಣ್ಣೆ ಬರಲೇಬಾರದು. ನುಸಿಗುಳಿಗೆ ಎಳೆಮಕ್ಕಳಿಗೆ ಅಪಾಯ, ಥರ್ಮಾಕೋಲೂ ಹಾಳಾಗುತ್ತದೆ. ಮುಚ್ಚಳ ಬಿಗಿ ಇರುವ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ.

ಬದಿಯಡ್ಕ: ನಮ್ಮ ಅಜ್ಜಿ ಸೀಮೆಎಣ್ಣೆ ಸವರುತ್ತಿದ್ದರು. ಏನೂ ಆಗಿಲ್ಲ.

ಆಚಾರಿ: ಅಜ್ಜಿಯ ಕೋಣೆಯಲ್ಲಿ ಗ್ಲೂ ಗನ್ ಇರಲಿಲ್ಲ.

ಕುಂಬಳೆ: ಶೆಲ್ಫಿಗೆ ಯಾವ ಪ್ಲೈವುಡ್ ಒಳ್ಳೆಯದು?

ಆಚಾರಿ: ಐಎಸ್ 710 ಮುದ್ರೆ ನೋಡಿ, ಅದು ನೀರು ತಡೆಯುವ ಮರೀನ್ ಪ್ಲೈವುಡ್. ದುಬಾರಿ. ರ‍್ಯಾಕ್ ಸಾಕು ಅಂತ ಮೇಲೆ ಬರೆದಿದ್ದೇನೆ.

ಉಪ್ಪಳ: ಡಬ್ಬಿಗಳಿಗೆ ಹೆಸರು ಅಂಟಿಸಿದರೆ ಹುಡುಕುವ ಕಷ್ಟವಿಲ್ಲ. ನಾನು ಮಲಯಾಳದಲ್ಲಿ ಬರೆದಿದ್ದೇನೆ, ಸಹಾಯಕ್ಕೆ ಬರುವ ಹುಡುಗಿಗೆ ಕನ್ನಡ ಓದಲು ಬರುವುದಿಲ್ಲ.

ಅಡೂರು: ನಾಮಫಲಕಗಳಿಂದ ಕನ್ನಡ ಹೋಯಿತು. ಮನೆಯೊಳಗೂ ಬೇಡವಾ?

ಉಪ್ಪಳ: ನನ್ನ ಮಕ್ಕಳು ಕನ್ನಡ ಶಾಲೆಗೇ ಹೋಗುತ್ತಾರೆ. ನಿಮ್ಮವರು?

ಅಡೂರು: ಅದು ಇಲ್ಲಿ ಬೇಡ.

ಉಪ್ಪಳ: ಶುರು ಮಾಡಿದ್ದು ನೀವು.

ಮಂಜೇಶ್ವರ: ನಮ್ಮದು ಬಾಡಿಗೆ ಮನೆ, ಮೊಳೆ ಹೊಡೆಯಲು ಬಿಡುವುದಿಲ್ಲ. ದಾರಗಳನ್ನು ನೇತುಹಾಕುವುದು ಹೇಗೆ?

ನೀರ್ಚಾಲು: ಎರಡು ಭಾಷೆಯಲ್ಲೂ ಬರೆಯಿರಿ ಮಾರಾಯ್ರೆ. ಮಣಿ ಡಬ್ಬಿ ಅಷ್ಟೆ ಅಲ್ವಾ?

ಅಡೂರು: "ಅಷ್ಟೆ" ಅಂತ ಹೇಳಿ ಹೇಳಿಯೇ ಇಲ್ಲಿಗೆ ಬಂದದ್ದು.

ಕುಂಬಳೆ: ಆಚಾರ್ರೇ, ಎಂಡಿಎಫ್ ಆಗಬಹುದಾ?

ಆಚಾರಿ: ಇಲ್ಲ. ಅದೂ ಮರದ ಪುಡಿಯ ಬೋರ್ಡೇ, ಪಾರ್ಟಿಕಲ್ ಬೋರ್ಡಿನ ಹಾಗೇ ಉಬ್ಬುತ್ತದೆ. ಮೊದಲಿನಿಂದ ಓದಿ. ಭಾಷೆಯ ಜಗಳ ಬೇರೆ ಕಡೆ ಆಡಿ. ಪೆರ್ಲದವರು ಇದ್ದಾರಾ?

ಪೆರ್ಲ: ಇದ್ದೇನೆ. ನೀರು ಹಾಕುವ ಬ್ಯಾಟರಿಯೇ. ಎಲೆಕ್ಟ್ರಿಷಿಯನ್ ಬರುವುದು ಮುಂದಿನ ವಾರ. ಅಲ್ಲಿವರೆಗೆ?

ಆಚಾರಿ: ಬಟ್ಟೆ, ಥಿನ್ನರ್ ಏನಿದ್ದರೂ ಇವತ್ತೇ ಹೊರಗೆ ತೆಗೆಯಿರಿ. ಇಸ್ತ್ರಿ, ಗ್ಲೂ ಗನ್ ಬೇರೆ ಕೋಣೆಗೆ. ಹತ್ತಿರದ ಕಿಟಕಿ ತೆರೆದಿಡಿ. ಬ್ಯಾಟರಿಯ ಸ್ಥಳ ಬದಲಿಸಿ ಆದ ಮೇಲೆ ಫೋಟೋ ಹಾಕಿ, ಸಲಾಕೆ ಬಾಗಿಲಿನ ಅಳತೆ ಆಗ ಹೇಳುತ್ತೇನೆ.