ಪದಚರ್ಚೆ: ಹಕ್ಕಿನಾಯಿ ನಿಲ್ಲುವ ಆ ನಿಲುವಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹಕ್ಕಿ ಬೇಟೆಯ ನಾಯಿಗಳನ್ನೂ ಅವುಗಳ ಒಡೆಯರನ್ನೂ ಸೀಸನ್ನಿಗೆ ಅಣಿಮಾಡುವ ಬಗ್ಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಅರ್ಧದಷ್ಟು ಆಗಿದೆ. ಊಟ, ನಡಿಗೆ, ಪಾದದ ಆರೈಕೆ ಎಲ್ಲ ಸಲೀಸಾಗಿ ಕನ್ನಡಕ್ಕೆ ಬಂದವು. ನಾಯಿ ಹಕ್ಕಿಯ ಮುಂದೆ ಬಂದು ನಿಲ್ಲುವ ಜಾಗ ಬಂತು ನೋಡಿ, ನನ್ನ ಬರಹವೂ ಅಲ್ಲೇ ನಿಂತಿತು. ನಾಲ್ಕು ದಿನದಿಂದ ಒಂದೇ ಪದಕ್ಕೆ ಒದ್ದಾಡುತ್ತಿದ್ದೇನೆ.

ಮೊದಲು ಆ ಗಳಿಗೆ ಹೇಗಿರುತ್ತದೆ ಅಂತ ಹೇಳುತ್ತೇನೆ. ಪಾಯಿಂಟರ್ ನಾಯಿ ಹುಲ್ಲಿನ ನಡುವೆ ಜೋರಾಗಿ ಓಡುತ್ತಿರುತ್ತದೆ. ಗಾಳಿಯಲ್ಲಿ ಹಕ್ಕಿಯ ವಾಸನೆ ಸಿಕ್ಕ ಕೂಡಲೇ ಇಟ್ಟ ಹೆಜ್ಜೆಯಲ್ಲೇ ನಿಂತುಬಿಡುತ್ತದೆ. ಒಮ್ಮೊಮ್ಮೆ ಮುಂಗಾಲು ಒಂದು ಮೇಲೆತ್ತಿದ್ದು ಹಾಗೇ ಇರುತ್ತದೆ. ಬಾಲ ಬಿಗಿ, ಕುತ್ತಿಗೆ ಬಿಗಿ, ಮೂಗು ಹಕ್ಕಿ ಅಡಗಿರುವ ಕಡೆಗೆ. ಬೊಗಳುವುದಿಲ್ಲ, ನೆಗೆಯುವುದಿಲ್ಲ. ಒಡೆಯ ಹತ್ತಿರ ಬರುವ ತನಕ ಹಾಗೇ ಇರುತ್ತದೆ. ಕಣ್ಣಾರೆ ಕಂಡವರಿಗೆ ಅದು ಮರೆಯುವಂಥದ್ದಲ್ಲ.

ಇಂಗ್ಲಿಷಿನಲ್ಲಿ ಇದು ‘ಪಾಯಿಂಟ್’. ಹಾಗೇ ಬರೆದರೆ ಯಾರೂ ತಪ್ಪು ಅನ್ನುವುದಿಲ್ಲ. ಆದರೆ ಕನ್ನಡದಲ್ಲಿ ‘ಪಾಯಿಂಟ್’ ಅಂದರೆ ಮಾತಿನ ಅಂಶ, ಇಲ್ಲವೇ ಆಟದ ಅಂಕ. ‘ನಾಯಿ ಪಾಯಿಂಟ್ ಮಾಡಿತು’ ಅಂತ ಓದಿದ ಹೊಸಬರಿಗೆ ಏನೂ ಕಾಣುವುದಿಲ್ಲ. ‘ತೋರಿಸಿತು’ ಅಂತ ಒಮ್ಮೆ ಬರೆದೆ. ಅದೂ ಸರಿ ಹೋಗಲಿಲ್ಲ. ತೋರಿಸುವುದು ಅಂದರೆ ಇನ್ನೊಬ್ಬರಿಗಾಗಿ ಬೆರಳು ಮಾಡುವುದು. ನಾಯಿ ಇಲ್ಲಿ ತನ್ನನ್ನು ತಾನೇ ಹಿಡಿದುಕೊಂಡಿರುತ್ತದೆ. ಗೊತ್ತಾಗುವುದು ನಮಗೆ, ಅಷ್ಟೇ.

‘ಹೊಂಚು ಹಾಕಿತು’ ಅನ್ನಬಹುದಾ? ಬೆಕ್ಕು ಇಲಿಗೆ ಹೊಂಚು ಹಾಕುತ್ತದೆ. ಹಾರುವ ಮೊದಲು ಬೇಟೆ ಪ್ರಾಣಿ ಒಂದು ಕ್ಷಣ ಮೈ ಬಿಗಿ ಹಿಡಿಯುತ್ತದಲ್ಲ, ಆ ಕ್ಷಣವನ್ನೇ ತಲೆಮಾರುಗಟ್ಟಲೆ ಆರಿಸಿ ತಳಿ ಮಾಡಿ ಉದ್ದ ಎಳೆದದ್ದು ಈ ನಿಲುವು ಅಂತ ಬಲ್ಲವರು ಹೇಳುತ್ತಾರೆ. ಹಾಗಾಗಿ ಹೊಂಚು ಅದರ ಹುಟ್ಟಿಗೆ ಹತ್ತಿರದ ಪದವೇ. ಆದರೆ ಹೊಂಚಿನಲ್ಲಿ ಮುಂದೆ ಹಾರುವ ಉದ್ದೇಶ ಇದೆ. ಇಲ್ಲಿ ಹಾರದೇ ಇರುವುದೇ ಇಡೀ ವಿದ್ಯೆ. ‘ಗುರಿ ಹಿಡಿಯಿತು’ ಅಂದರೆ ಕೋವಿ ಹಿಡಿದವರ ಕೆಲಸದ ಜೊತೆ ಕಲಸಿಹೋಗುತ್ತದೆ.

ಕೊನೆಗೆ ನನ್ನ ಮನಸ್ಸು ನಿಂತದ್ದು ‘ನೆಟ್ಟು ನಿಲ್ಲು’ ಅನ್ನುವಲ್ಲಿ. ಕಣ್ಣು ನೆಡುತ್ತೇವೆ, ಕಂಬ ನೆಡುತ್ತೇವೆ, ‘ನೆಟ್ಟ ನೋಟ’ ಅನ್ನುತ್ತೇವೆ. ‘ನೆಟ್ಟಗೆ’ ಅನ್ನುವ ಮಾತೂ ಕಿವಿಗೆ ಪಕ್ಕದಲ್ಲೇ ಇದೆ. ಅಲುಗದಿರುವುದು, ದಿಕ್ಕು, ಗಮನ, ಮೂರೂ ಒಂದರಲ್ಲೇ ಬಂದವು. ‘ನಾಯಿ ಪೊದೆಯ ಮುಂದೆ ನೆಟ್ಟು ನಿಂತಿತು.’ ‘ಅದರ ನೆಟ್ಟನಿಲುವು ಚೆನ್ನಾಗಿದೆ.’ ಹೇಗಿದೆ ಹೇಳಿ. ನನಗಂತೂ ಓದುವಾಗ ನಾಯಿ ಕಾಣಿಸುತ್ತದೆ.

ಇದನ್ನು ಹುಡುಕುವಾಗ ಒಂದು ವಿಷಯ ಹೊಳೆಯಿತು. ನಮ್ಮಲ್ಲಿ ಬೇಟೆ ನಾಯಿಯ ಮಾತುಗಳು ಕಡಿಮೆ ಏನಲ್ಲ. ಆದರೆ ಹೆಚ್ಚಿನವು ನಾಯಿಯನ್ನು ಮುಂದೆ ಕಳಿಸುವ ಮಾತುಗಳು. ಛೂ ಬಿಡು. ಅಟ್ಟು. ಬೆನ್ನಟ್ಟು. ಮೇಲೆ ಬಿಡು. ಹತ್ತನೆಯ ಶತಮಾನದ ಆತಕೂರು ಶಾಸನದಲ್ಲಿ ಕಾಳಿ ಅನ್ನುವ ನಾಯಿಯ ಕಥೆ ಇದೆಯಲ್ಲ, ಅಲ್ಲೂ ದೊಡ್ಡ ಹಂದಿಯ ಮೇಲೆ ನಾಯಿಯನ್ನು ‘ಬಿಡುವ’ ಮಾತೇ ಬರುತ್ತದೆ. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಹಂದಿಗೆ, ಮೊಲಕ್ಕೆ ಬಿಡುವ ನಾಯಿಗೆ ಆ ಮಾತು ಸಾಕು. ಹಕ್ಕಿಯ ನಾಯಿಗೆ ಸಾಲದು. ಅದಕ್ಕೆ ಕಲಿಸಬೇಕಾದ್ದರಲ್ಲಿ ಮುಕ್ಕಾಲು ಪಾಲು ನಿಲ್ಲುವುದು, ತಡೆದುಕೊಳ್ಳುವುದು, ಕಾಯುವುದು. ಹಕ್ಕಿ ಹಾರಿದರೂ ನಿಲ್ಲಬೇಕು. ಈಡು ಕೇಳಿದರೂ ನಿಲ್ಲಬೇಕು. ಇನ್ನೊಂದು ನಾಯಿ ನೆಟ್ಟು ನಿಂತದ್ದು ಕಂಡರೆ ತಾನೂ ಹಿಂದೆಯೇ ನಿಂತು ಅದಕ್ಕೆ ಮರ್ಯಾದೆ ಕೊಡಬೇಕು. ಈ ಮೂರಕ್ಕೂ ನಮ್ಮಲ್ಲಿ ಒಂದೊಂದು ಪದ ಬೇಕು ಅನ್ನುವುದೇ ನನ್ನ ಕೋರಿಕೆ.

ಇಂಗ್ಲಿಷಿನವರು ಮಾಡಿದ್ದೂ ಇಷ್ಟೇ. ನಾಯಿ ಏನು ಮಾಡುತ್ತದೋ ಅದನ್ನೇ ಹೆಸರಿಟ್ಟರು. ಕೋವಿ ಬರುವ ಮೊದಲು ಹಕ್ಕಿಗಳನ್ನು ಬಲೆ ಬೀಸಿ ಹಿಡಿಯುತ್ತಿದ್ದರು. ಬಲೆ ತನ್ನ ಮೇಲಿಂದ ಹಾಯಲಿ ಅಂತ ನೆಲಕ್ಕೆ ಅವಚಿ ಕೂರುತ್ತಿದ್ದ ನಾಯಿ ‘ಸೆಟರ್’ ಆಯಿತು. ಬಿದ್ದ ಹಕ್ಕಿಯನ್ನು ಹುಡುಕಿ ತರುವುದು ‘ರಿಟ್ರೀವರ್’. ಆ ಮಾತಿನ ಫ್ರೆಂಚ್ ಬೇರಿನಲ್ಲಿ ‘ಮತ್ತೆ ಕಂಡುಹಿಡಿ’ ಅನ್ನುವ ಅರ್ಥವಿದೆ. ಸ್ಪ್ಯಾನಿಯಲ್ ಮಾತ್ರ ಬೇರೆ, ಅದು ಸ್ಪೇನ್ ದೇಶದಿಂದ ಬಂದ ಹೆಸರು.

ಹಕ್ಕಿಯನ್ನು ಪೊದೆಯಿಂದ ಹಾರಿಸುವುದಕ್ಕೆ ಹೊಸ ಪದ ಬೇಡವೇ ಬೇಡ. ‘ಎಬ್ಬಿಸು’ ಇದೆ. ಹಳಗನ್ನಡದ ‘ಸೋವು’, ‘ಸೋಹು’ ಇವೆ. ಅಡಗಿದ ಪ್ರಾಣಿಯನ್ನು ಹೊರಗೆ ಹೊರಡಿಸುವುದು ಅಂತಲೇ ಅರ್ಥ. ಸ್ಪ್ಯಾನಿಯಲ್ ಮಾಡುವುದು ಅದನ್ನೇ, ಹಳು ನುಗ್ಗಿ ಸೋಹುವುದು. ಈ ಪದ ಮತ್ತೆ ಬಳಕೆಗೆ ಬಂದರೆ ನನಗೆ ನಿಜಕ್ಕೂ ಖುಷಿ. ಗಾಳಿಗೆ ಎದುರಾಗಿ ಎಡಕ್ಕೂ ಬಲಕ್ಕೂ ಓಡುತ್ತ ಇಡೀ ಬಯಲನ್ನು ಜಾಲಾಡುವ ಓಟಕ್ಕೆ ‘ಲಾಳಿಯೋಟ’ ಅಂತ ಬರೆದಿದ್ದೇನೆ. ಮಗ್ಗದ ಲಾಳಿ ಹಾಗೇ ಓಡುತ್ತದಲ್ಲ.

ಈಗ ನನಗೆ ಬಹಳ ಮುಖ್ಯ ಅನ್ನಿಸಿದ್ದಕ್ಕೆ ಬರುತ್ತೇನೆ. ಅಪ್ಪಣೆಯ ಮಾತುಗಳು. ಸೀಸನ್ನಿಗೆ ಮೊದಲು ನಾಯಿಗಿಂತ ಒಡೆಯ ಕಲಿಯಬೇಕಾದ್ದು ಇಲ್ಲೇ ಜಾಸ್ತಿ. ಒಂದು ಮಾತಿಗೆ ಒಂದೇ ಕೆಲಸ ಇರಬೇಕು. ಮನೆಯವರೆಲ್ಲ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಬೇಕು. ನೂರು ಹೆಜ್ಜೆ ದೂರದಿಂದ, ಗಾಳಿಯಲ್ಲಿ, ಎರಡು ಮಾತು ಒಂದೇ ಥರ ಕೇಳಬಾರದು. ಇಂಗ್ಲಿಷಿನಲ್ಲಿ ನಿಲ್ಲಿಸಲು ‘ವೋ’ ಅನ್ನುತ್ತಾರೆ. ಅದು ‘ನೋ’ ಜೊತೆ ಪ್ರಾಸ ಆಗುತ್ತದೆ ಅಂತ ತರಬೇತುದಾರರು ಎಚ್ಚರಿಸುತ್ತಾರೆ.

ಕನ್ನಡದಲ್ಲಿ ಇದೇ ತೊಂದರೆ ಎರಡು ಪಟ್ಟು. ‘ನಿಲ್ಲು’, ‘ಇಲ್ಲಿ’, ‘ಇಲ್ಲ’, ‘ಅಲ್ಲ’. ಜೋರಾಗಿ ಕೂಗಿ ನೋಡಿ. ದೂರಕ್ಕೆ ಕೇಳುವುದು ಆ ‘ಲ್ಲ’ ಮಾತ್ರ. ನಿಲ್ಲು ಅಂದರೆ ನಿಲ್ಲಬೇಕು, ಇಲ್ಲಿ ಅಂದರೆ ಬರಬೇಕು, ಇಲ್ಲ ಅಂದರೆ ಮಾಡಬಾರದು. ನಾಯಿ ಪಾಪ ಏನು ತಿಳಿಯಬೇಕು? ಹಾಗಾಗಿ ನಿಲ್ಲಿಸಲು ನಾನು ‘ತಡಿ’ ಆರಿಸಿದೆ. ಗಿಡ್ಡ ಮಾತು, ನಡುವೆ ಗಟ್ಟಿ ‘ಡ’ ಇದೆ. ಕರೆಯಲು ‘ಬಾ’. ತರಲು ‘ತಾ’. ಆದರೆ ತಡಿ, ತಾ ಎರಡೂ ‘ತ’ದಲ್ಲೇ ಶುರು ಆಗುತ್ತವೆ. ಆದ್ದರಿಂದ ‘ತಾ’ ಅನ್ನುವುದನ್ನು ಉದ್ದ ಎಳೆದು, ಕೈ ಬೀಸಿಯೇ ಹೇಳುತ್ತೇನೆ. ಇದಕ್ಕಿಂತ ಒಳ್ಳೆಯ ಜೋಡಿ ಯಾರಿಗಾದರೂ ಹೊಳೆದರೆ ದಯವಿಟ್ಟು ಬರೆಯಿರಿ.

‘ಬಿಡು’ ಇನ್ನೂ ಕಷ್ಟದ್ದು. ಬಾಯಲ್ಲಿದ್ದದ್ದು ಕೆಳಗೆ ಹಾಕು ಅನ್ನಲೂ ಬಿಡು. ಅದರ ತಂಟೆಗೆ ಹೋಗಬೇಡ ಅನ್ನಲೂ ಬಿಡು. ನಾಯಿಯನ್ನು ಕಳಿಸುವುದಕ್ಕೂ ಬಿಡುವುದು ಅಂತಲೇ ಹೆಸರು. ನನ್ನ ಪಾಯಿಂಟರ್ ಮರಿಗೆ ತರಬೇತಿಯ ಬಟ್ಟೆಯ ದಿಂಬು ತಂದುಕೊಡಲು ಕಲಿಸುತ್ತಿದ್ದೆ. ಮನೆಯಲ್ಲಿ ಒಬ್ಬರು ಗೇಟು ತೆಗೆದು ಓಡಿಸುವಾಗ ‘ಬಿಡು ಬಿಡು’ ಅನ್ನುತ್ತಿದ್ದರು. ನಾನು ದಿಂಬಿಗೆ ‘ಬಿಡು’ ಅಂದೆ. ಮರಿ ದಿಂಬನ್ನು ಕಚ್ಚಿಕೊಂಡೇ ಗೇಟಿನ ಕಡೆ ಓಡಿತು. ತಪ್ಪು ಅದರದ್ದಲ್ಲ, ಮಾತಿನದ್ದು. ಅವತ್ತಿಂದ ದಿಂಬಿಗೆ ‘ಕೊಡು’ ಅನ್ನುತ್ತೇನೆ. ಕೈಗೇ ತಂದು ಕೊಡಬೇಕು ಅನ್ನುವ ಅರ್ಥವೂ ಅದರಲ್ಲೇ ಇದೆ. ನೆಲಕ್ಕೆ ಹಾಕಿದರೆ ಗಾಯವಾದ ಹಕ್ಕಿ ಎದ್ದು ಓಡಿಬಿಡಬಹುದು. ಅದಕ್ಕೇ ಕೈಗೆ ಕೊಡುವುದು ಮುಖ್ಯ.

ಕಚ್ಚಿಕೊಂಡು ಅಂದೆನಲ್ಲ, ಅದರ ಬಗ್ಗೆಯೂ ಒಂದು ಮಾತು. ಹಕ್ಕಿಗೆ ಹಲ್ಲಿನ ಗಾಯ ಮಾಡದೆ ತರುವ ನಾಯಿಗೆ ಇಂಗ್ಲಿಷಿನಲ್ಲಿ ‘ಸಾಫ್ಟ್ ಮೌತ್’ ಅನ್ನುತ್ತಾರೆ. ‘ಮೆದುಬಾಯಿ’ ಅಂತ ಬರೆದುಕೊಂಡಿದ್ದೆ. ಆದರೆ ನಮ್ಮ ವ್ಯಾಕರಣವೇ ಈ ಕೆಲಸ ಮಾಡುತ್ತಿದೆ. ‘ನಾಯಿ ಹಕ್ಕಿಯನ್ನು ಕಚ್ಚಿತು’ ಅಂದರೆ ಗಾಯ. ‘ಕಚ್ಚಿಕೊಂಡು ಬಂತು’ ಅಂದರೆ ಬೆಕ್ಕು ಮರಿಯನ್ನು ಹೊತ್ತ ಹಾಗೆ. ಒಂದು ‘ಕೊಳ್ಳು’ ಸೇರಿದ್ದಕ್ಕೆ ಹಲ್ಲು ಮೆತ್ತಗಾಯಿತು! ಹೆಸರುಪದ ಬೇಕಾದಾಗ ಮೆದುಬಾಯಿ ಇರಲಿ. ಅದಕ್ಕೆ ಎದುರಾಗಿ ‘ಗಟ್ಟಿಬಾಯಿ’ ಮಾತ್ರ ಬೇಡ, ಅದು ಜೋರು ಬಾಯಿಯ ಮನುಷ್ಯರಿಗೆ ಹೇಳುವ ಹಾಗೆ ಕೇಳುತ್ತದೆ. ‘ಬಿರುಸುಬಾಯಿ’ ಆಗಬಹುದಾ?

ಈಡಿನ ಸದ್ದಿಗೆ ಬೆದರುವ ನಾಯಿಗೆ ‘ಈಡುಪುಕ್ಕಲು’ ಅಂತ ಇಟ್ಟಿದ್ದೇನೆ. ಪದದ ಬಗ್ಗೆ ನನಗೆ ಸಮಾಧಾನ ಇದೆ. ಆದರೆ ಓದುಗರು ಅದನ್ನು ಹುಟ್ಟುಗುಣ ಅಂದುಕೊಳ್ಳಬಾರದು ಅನ್ನುವ ಕಾಳಜಿ ಇದೆ. ಬಹಳ ಸಲ ಅದು ನಾವೇ ಮಾಡಿದ ತಪ್ಪು. ಸದ್ದು ರೂಢಿಯಾಗಲಿ ಅಂತ ಮರಿಯನ್ನು ನೇರ ಗುಂಡು ಹೊಡೆಯುವ ಜಾಗಕ್ಕೆ ಕರೆದುಕೊಂಡು ಹೋಗುತ್ತಾರೆ. ಒಂದೇ ದಿನದಲ್ಲಿ ನಾಯಿ ಕೆಡುತ್ತದೆ. ಆಟದ ಹುರುಪಿನಲ್ಲಿ, ಹಕ್ಕಿಯ ಹಿಂದೆ ಮನಸ್ಸು ಇರುವಾಗ, ಬಲು ದೂರದಲ್ಲಿ ಸಣ್ಣ ಸದ್ದು. ದಿನ ಕಳೆದಂತೆ ಸ್ವಲ್ಪ ಸ್ವಲ್ಪ ಹತ್ತಿರ. ಬೆದರಿತು ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ ಹಿಂದಕ್ಕೆ ಹೋಗಬೇಕು. ಇದನ್ನು ಕಲಿಸುವುದು ಅನ್ನುವುದಕ್ಕಿಂತ ‘ರೂಢಿ ಮಾಡಿಸುವುದು’ ಅಂದರೆ ಸರಿ.

ಮೈ ಅಣಿಮಾಡುವುದಕ್ಕೆ ಒಂದೇ ಪದ ಸಾಕು ಅಂತ ನನಗೆ ಅನ್ನಿಸಿದೆ: ಹದ. ಮಣ್ಣು ಹದ ಆಗುತ್ತದೆ, ತೊಗಲು ಹದ ಆಗುತ್ತದೆ. ಎರಡಕ್ಕೂ ಸಮಯ ಬೇಕು, ಆತುರ ಮಾಡಿದರೆ ಕೆಡುತ್ತದೆ. ನಾಯಿಯ ಮೈಯೂ ಹಾಗೇ. ಬೇಸಿಗೆಯಿಡೀ ಮಲಗಿದ್ದ ನಾಯಿಯನ್ನು ಮೊದಲ ದಿನವೇ ಇಡೀ ಬೆಳಗ್ಗೆ ಓಡಿಸಬಾರದು. ಆರರಿಂದ ಎಂಟು ವಾರ ಮೊದಲೇ ಶುರು ಮಾಡಬೇಕು. ಮೊದಲು ನಡಿಗೆ, ಆಮೇಲೆ ಗಿಡ್ಡ ಓಟ, ನೀರು ಇದ್ದರೆ ಈಜು. ಗಟ್ಟಿ ನೆಲದ ಮೇಲೆ ದಿನಾ ಸ್ವಲ್ಪ ನಡೆದರೆ ಅಂಗಾಲು ಹದಕ್ಕೆ ಬರುತ್ತದೆ. ಪಕ್ಕೆಲುಬು ಕಣ್ಣಿಗೆ ಎದ್ದು ಕಾಣಬಾರದು, ಆದರೆ ಕೈಯಾಡಿಸಿದರೆ ಸಿಗಬೇಕು. ಊಟವಾದ ತಕ್ಷಣ ಓಡಿಸಬಾರದು, ಎದೆ ಆಳವಿರುವ ತಳಿಗಳಿಗೆ ಹೊಟ್ಟೆ ಉಬ್ಬರಿಸಿ ತಿರುಚಿಕೊಳ್ಳುವ ಭಯ ಇರುತ್ತದೆ.

ಇಲ್ಲೇ ಇನ್ನೊಂದು ಪದದ ಗೊಂದಲ. ನಾಯಿಯ ಮೈ ನಮ್ಮ ಹಾಗೆ ಬೆವರುವುದಿಲ್ಲ, ನಾಲಿಗೆ ಚಾಚಿ ಉಸಿರಾಡಿಯೇ ಬಿಸಿ ಇಳಿಸಿಕೊಳ್ಳುತ್ತದೆ. ಅದರ ಮೈಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು. 41 ದಾಟಿದರೆ ಜೀವಕ್ಕೇ ಅಪಾಯ. ಹಾಗಾಗಿ ಸುಮ್ನೆ ಓಡಿ ಬಂದ ನಾಯಿಯ ಉಸಿರಿಗೂ, ಬಿಸಿಲು ತಾಗಿ ತೂರಾಡುವ ನಾಯಿಯ ಉಸಿರಿಗೂ ಬೇರೆ ಬೇರೆ ಮಾತು ಬೇಕೇಬೇಕು. ಮೊದಲನೆಯದಕ್ಕೆ ‘ತೇಕು’, ಎರಡನೆಯದಕ್ಕೆ ‘ಏದುಸಿರು’ ಅಂತ ಬಳಸಿದ್ದೇನೆ. ನಿಮ್ಮ ಕಡೆ ಈ ಎರಡರಲ್ಲಿ ಯಾವುದು ಜಾಸ್ತಿ ಸಂಕಟದ್ದು? ಇದು ತಿರುಗುಮುರುಗು ಆದರೆ ಓದಿದವರ ನಾಯಿಗೆ ಕುತ್ತು. ಅದಕ್ಕೇ ಒತ್ತಿ ಕೇಳುತ್ತಿದ್ದೇನೆ.

ಇನ್ನು ಒಡೆಯರ ವಿಷಯ. ನಾಯಿಯನ್ನು ‘ಪಳಗಿಸು’ ಅನ್ನುತ್ತೇವೆ. ಮನುಷ್ಯರಿಗೆ ‘ತರಬೇತಿ’ ಅನ್ನುತ್ತೇವೆ. ನನಗೆ ಎರಡು ಪದ ಬೇಡ ಅನ್ನಿಸಿತು. ಪಳಗಿದ ನಾಯಿ ಅಂತೀವಿ, ಪಳಗಿದ ಕೈ ಅಂತಲೂ ಅಂತೀವಿ. ಒಂದೇ ಮಾತು ಇಬ್ಬರಿಗೂ ಸಲ್ಲುತ್ತದೆ. ಒಡೆಯನೂ ನಾಯಿಯ ಜೊತೆ ಅದೇ ವಾರಗಳಲ್ಲಿ ನಡೆದು ಕಾಲು ಗಟ್ಟಿ ಮಾಡಿಕೊಳ್ಳಬೇಕು. ಹೊಸ ಬೂಟು ಮೊದಲೇ ಹಾಕಿ ಪಳಗಿಸಿಕೊಳ್ಳಬೇಕು. ಅಭ್ಯಾಸಕ್ಕೆ ಗಾಳಿಯಲ್ಲಿ ಹಾರಿಸುವ ಮಣ್ಣಿನ ಬಿಲ್ಲೆಗಳ ಮೇಲೆ ಗುರಿ ತಿದ್ದಿಕೊಳ್ಳಬೇಕು. ತಗ್ಗಿನಲ್ಲಿ ಹಾರುವ ಹಕ್ಕಿಗೆ ಯಾವತ್ತೂ ಈಡು ಹೊಡೆಯಬಾರದು, ಹಿಂದೆಯೇ ನಾಯಿ ಇರಬಹುದು. ನಾಯಿ ತಡೆದು ನಿಲ್ಲಲು ಕಲಿತ ಹಾಗೆ ಕೈಯೂ ಕಲಿಯಬೇಕು. ಆದ್ದರಿಂದ ಅಧ್ಯಾಯಕ್ಕೆ ‘ಪಳಗುವ ವಾರಗಳು’ ಅಂತ ಹೆಸರಿಟ್ಟಿದ್ದೇನೆ. ‘ಪಳಗು’ ಅನ್ನುವುದು ಮನುಷ್ಯರಿಗೆ ಕೀಳಾಗಿ ಕೇಳುತ್ತದೆ ಅಂತ ಒಬ್ಬ ಗೆಳೆಯರು ಅಂದರು. ನನಗೆ ಹಾಗೆ ಕೇಳುವುದಿಲ್ಲ. ನಿಮಗೆ?

ಸೀಸನ್ ಅನ್ನುವುದಕ್ಕೆ ‘ಬೇಟೆಗಾಲ’ ಸಾಕು ಅಲ್ವಾ? ಮಳೆಗಾಲ, ಚಳಿಗಾಲದ ಹಾಗೆ. ಬೇಟೆಗೆ ಕಾನೂನಿನ ಒಪ್ಪಿಗೆ ಇರುವ ದೇಶಗಳಲ್ಲಿ ಅದು ಕಾನೂನು ತೆರೆದು ಕಾನೂನೇ ಮುಚ್ಚುವ ಕಾಲ ಅನ್ನುವುದನ್ನು ಮೊದಲ ಪುಟದಲ್ಲೇ ಹೇಳಿದ್ದೇನೆ.

ಮುಖ್ಯವಾಗಿ ಬೇಕಾದ್ದು ‘ನೆಟ್ಟನಿಲುವು’ ನಿಲ್ಲುತ್ತದಾ ಅನ್ನುವುದು, ಮತ್ತೆ ಇನ್ನೊಂದು ನಾಯಿಯ ನೆಟ್ಟನಿಲುವು ಕಂಡು ತಾನೂ ನಿಲ್ಲುವುದಕ್ಕೆ ಒಂದು ಒಳ್ಳೆಯ ಮಾತು. ‘ಜೊತೆನಿಲುವು’ ಅಂತ ಸದ್ಯಕ್ಕೆ ಬರೆದಿದ್ದೇನೆ. ಆದರೆ ಅದರಲ್ಲಿ ಮುಂದಿನ ನಾಯಿಯ ಬೇಟೆಗೆ ಅಡ್ಡ ಬರದೆ ಹಿಂದೆ ಉಳಿಯುವ ಆ ಮರ್ಯಾದೆ ಬರುತ್ತಿಲ್ಲ. ನಿಮ್ಮ ಮನೆಯ ಹಿರಿಯರಲ್ಲಿ ನಾಯಿ, ಕುದುರೆ, ಎತ್ತು ಪಳಗಿಸಿದವರು ಇದ್ದರೆ ಅವರನ್ನೊಮ್ಮೆ ಕೇಳಿ ನೋಡಿ. ಎತ್ತಿಗೆ ಹೇಳುವ ಮಾತಾದರೂ ಪರವಾಗಿಲ್ಲ, ಬರೆದು ಕಳಿಸಿ.